ಯಂತ್ರಪಾಠವೂ ದೀಕ್ಷೆಯೂ

ಕೇಂದ್ರ ಸರಕಾರವು 2017ರಲ್ಲಿ ತೆರೆದ ಅಂತರಜಾಲದ ಪಾಠಭಂಡಾರಕ್ಕೆ ‘ದೀಕ್ಷಾ’ ಎಂದು ಹೆಸರು. ಅದು ಆಂಗ್ಲ ಪದಗಳ ಮೊದಲಕ್ಷರಗಳನ್ನು ಕೂಡಿಸಿ ಕಟ್ಟಿದ ಅಂಕಿತ. ಆದರೂ ವೀರಶೈವನ ಕಿವಿಗೆ ಆ ಮಾತು ಬಿದ್ದೊಡನೆ ಬೇರೊಂದು ಅರ್ಥವೇ ಹೊಳೆಯುತ್ತದೆ. ನಮ್ಮಲ್ಲಿ ದೀಕ್ಷೆ ಮೂರು ಬಗೆ. ವೇಧಾದೀಕ್ಷೆಯಲ್ಲಿ ಗುರುವಿನ ಹಸ್ತವು ಶಿಷ್ಯನ ಮಸ್ತಕದ ಮೇಲಿರುತ್ತದೆ, ಮಂತ್ರದೀಕ್ಷೆ ಕಿವಿಗೆ, ಕ್ರಿಯಾದೀಕ್ಷೆಯಲ್ಲಿ ಇಷ್ಟಲಿಂಗವು ಕರತಲಕ್ಕೆ ಬರುತ್ತದೆ. ಇವುಗಳಲ್ಲಿ ಯಂತ್ರವು ಕಿವಿಯ ಕೆಲಸವನ್ನು ಮಾತ್ರ ಚೆನ್ನಾಗಿ ಮಾಡಬಲ್ಲದು. ಹೀಗಿರಲು, ಕೇಳಿದ ಮಾತ್ರದಿಂದ ಕಲಿಯಬಲ್ಲವರು ಯಾರು ಎಂಬುದನ್ನು ಮೊದಲು ನಿಶ್ಚಯಿಸಬೇಕಾಗಿತ್ತು.

ನಿಶ್ಚಯಿಸಲಿಲ್ಲ. 2020ರ ಮಾರ್ಚಿಯಲ್ಲಿ ಕೋವಿಡ್ ನಿಮಿತ್ತ ಶಾಲೆಗಳು ಮುಚ್ಚಿದ ಮೇಲೆ ಚಂದನ ವಾಹಿನಿಯಲ್ಲಿ ಪಾಠಗಳು ಬಂದವು. ಆಗಸ್ಟಿನಲ್ಲಿ ‘ವಿದ್ಯಾಗಮ’ ಬಂದಿತು. ಆ ಯೋಜನೆಯು ಮಕ್ಕಳನ್ನು ಮೂರು ಕಾಲ್ಪನಿಕ ಕೊಠಡಿಗಳಾಗಿ ವಿಂಗಡಿಸಿತು: ಯಾವ ಉಪಕರಣವೂ ಇಲ್ಲದವರು, ಸಾದಾ ಮೊಬೈಲು ಉಳ್ಳವರು, ಅಂತರಜಾಲ ಉಳ್ಳವರು. ಮಗುವಿನ ಬಳಿ ಏನಿದೆ ಎಂದು ಕೇಳಿದರೇ ಹೊರತು ಮಗುವಿಗೆ ಏನು ಬರುತ್ತದೆ ಎಂದು ಕೇಳಲಿಲ್ಲ. ಎರಡನೆಯ ತರಗತಿಯ ಕೂಸಿಗೂ ಹತ್ತನೆಯ ತರಗತಿಯ ಹುಡುಗನಿಗೂ ಅದೇ ಅಳತೆ! ಆದರೆ ಅದೇ ಯೋಜನೆಯ ಹೆಚ್ಚಳವನ್ನೂ ಹೇಳಬೇಕು. ಉಪಾಧ್ಯಾಯರು ತಾವೇ ಊರೂರಿಗೆ ಹೋಗಿ ಗುಡಿಯ ಜಗಲಿಯಲ್ಲಿ, ಮರದಡಿಯಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಕಲಿಸಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು.

ಚಳ್ಳಕೆರೆಯ ಹಟ್ಟಿಗಳಲ್ಲಿ, ಮೊಳಕಾಲ್ಮೂರಿನ ಮಗ್ಗದ ಮನೆಗಳಲ್ಲಿ ಕೂಸಿನ ಸ್ಥಿತಿಯನ್ನು ನೋಡಬೇಕು. ಆಂಧ್ರದ ಗಡಿಗೆ ಹತ್ತಿದ ಈ ಸೀಮೆಯ ಅನೇಕ ಮನೆಗಳ ಮಾತು ತೆಲುಗು. ಪರದೆಯ ಮೇಲಿನ ಗುರು ಗ್ರಂಥಸ್ಥ ಕನ್ನಡದಲ್ಲಿ ‘ತಿಳಿಯಿತೇ?’ ಎಂದು ಕೇಳುತ್ತಾನೆ. ಕೂಸು ತಲೆಯಾಡಿಸಿದ್ದು ಅವನಿಗೆ ಕಾಣದು. ಅಕ್ಷರ ತಿದ್ದುವ ವಯಸ್ಸಿನಲ್ಲಿ ಬಳಪ ಹಿಡಿದ ಬೆರಳನ್ನು ಹಿಡಿದು ತಿದ್ದಿಸುವ ಕೈ ಬೇಕು, ಆ ಮನೆಯ ಮಾತು ಬಲ್ಲ ಬಾಯಿ ಬೇಕು. ಈ ಹಂತದಲ್ಲಿ ಯಂತ್ರಕ್ಕೆ ಹಾಡು, ಕಥೆಗಳಿಗಿಂತ ಹೆಚ್ಚಿನ ಅಧಿಕಾರ ಕೊಡುವುದು ನಮಗೆ ಸಮ್ಮತವಿಲ್ಲ.

ದೂರದಿಂದ ಬೋಧಿಸುವುದು ಈ ನೆಲಕ್ಕೆ ಹೊಸದೇನೂ ಅಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ. ಎಲ್. ರೈಸರು 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನವು ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಆದೇಶ. ಚಕ್ರವರ್ತಿಯ ಮಾತು ಬಂಡೆಯ ಮೇಲಿದ್ದರೂ ಅದನ್ನು ಜನಕ್ಕೆ ಮುಟ್ಟಿಸಲು ಊರಲ್ಲಿ ಮನುಷ್ಯರು ಬೇಕಾದರು. ಶಿಷ್ಯನು ಆಚಾರ್ಯನನ್ನು ಗೌರವಿಸಬೇಕೆಂಬ ವಿಧಿಯೂ ಆ ಬಂಡೆಯಲ್ಲಿಯೇ ಇದೆ.

ಪ್ರೌಢಶಾಲೆಯ ಹಂತದಲ್ಲಿ ಯಂತ್ರಕ್ಕೆ ಪಾಲು ಕೊಡಬಹುದು. ಕಣ್ಣಿಗೆ ಕಾಣದ ಜೀವಕೋಶವನ್ನು, ಗ್ರಹಗಳ ಗತಿಯನ್ನು ಚಿತ್ರದಲ್ಲಿ ತೋರಿಸಿ, ನಿಲ್ಲಿಸಿ, ಉಪಾಧ್ಯಾಯನು ಪ್ರಶ್ನೆ ಹಾಕಿದರೆ ಪಾಠ ನಾಟುತ್ತದೆ. ಇಡೀ ತಾಸು ಪರದೆಗೆ ಒಪ್ಪಿಸಿ ಅವನು ಹೊರಗೆ ನಿಂತರೆ ಇಲ್ಲ. ಕಾಲೇಜಿನ ವಿದ್ಯಾರ್ಥಿಯಾದರೋ ಪಾಠವನ್ನು ತಡೆದು, ಹಿಂದಕ್ಕೆ ತಿರುಗಿಸಿ, ಮತ್ತೆ ಕೇಳಬಲ್ಲನು. ‘ಸ್ವಯಂ’ ಜಾಲದ ಉಪನ್ಯಾಸಗಳು ಅವನಿಗೆ ತಕ್ಕವು. ಅಲ್ಲಿಯ ತೊಡಕು ಬೇರೆ: ಅವು ಬಹುಪಾಲು ಇಂಗ್ಲಿಷಿನಲ್ಲಿವೆ.

ಯಂತ್ರಪಾಠದ ಮೊದಲ ಶಿಷ್ಯನು ಉಪಾಧ್ಯಾಯನೇ ಆಗಬೇಕೆಂಬುದು ನಮ್ಮ ಅಭಿಪ್ರಾಯ. ‘ದೀಕ್ಷಾ’ ಆರಂಭವಾದದ್ದೂ ಉಪಾಧ್ಯಾಯರಿಗಾಗಿಯೇ. ಮಕ್ಕಳ ಗದ್ದಲದಲ್ಲಿ ಈ ಸಂಗತಿ ಮರೆತುಹೋಗಿದೆ. ಚಳ್ಳಕೆರೆಯ ಸಮೀಪದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕೇಂದ್ರವು ವಿಜ್ಞಾನದ ಉಪಾಧ್ಯಾಯರನ್ನು ಕರೆಸಿಕೊಂಡು ಅವರ ಕೈಯಿಂದಲೇ ಪ್ರಯೋಗ ಮಾಡಿಸಿ ಕಲಿಸುತ್ತದೆ. ಇದು ಕರತಲದ ವಿದ್ಯೆ. ಅಲ್ಲಿಂದ ಹಿಂದಿರುಗಿದವರಿಗೆ ಮರೆತದ್ದನ್ನು ನೆನಪಿಸಲು, ತಮ್ಮೊಳಗೆ ಸಂಶಯ ಚರ್ಚಿಸಲು ಅಂತರಜಾಲವು ಒದಗಬೇಕು, ಅದೂ ಕನ್ನಡದಲ್ಲಿ. ಶ್ರೀಮಠದ ಹಳೆಯ ವಿದ್ಯಾರ್ಥಿಗಳಲ್ಲಿ ಉಪಾಧ್ಯಾಯರಾಗಿರುವವರು ಬಹಳ ಮಂದಿ ಇದ್ದಾರೆ. ತಮ್ಮ ಶಾಲೆಯಲ್ಲಿ ಯಾವ ಪಾಠ ಪರದೆಯಿಂದ ನಾಟಿತು, ಯಾವುದು ನಾಟಲಿಲ್ಲ ಎಂಬುದನ್ನು ತರಗತಿವಾರು ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಗಳಲ್ಲಿ ಅದನ್ನು ವಿಚಾರಿಸಬಹುದು.