ಪೋರ್ಟ್ ಆಗೋದಾದ್ರೂ ಎಲ್ಲಿಗೆ?

"ಸರ್ಕಾರ ಸುಮ್ನೆ ಪಕ್ಕಕ್ಕೆ ನಿಂತ್ರೆ ಸಾಕು, ಮಾರುಕಟ್ಟೆ ತನ್ನನ್ನ ತಾನೇ ನೋಡ್ಕೊಳ್ಳುತ್ತೆ." ಈ ಮಾತನ್ನು ನೀವೂ ಕೇಳಿರ್ತೀರಿ. ಸಾಕ್ಷಿಯಾಗಿ ಮುಂದಿಡೋದು ಹೆಚ್ಚಾಗಿ ಮೊಬೈಲನ್ನೇ. ಸರ್ಕಾರದ ಕೈಯಲ್ಲಿದ್ದಾಗ ಒಂದು ಲ್ಯಾಂಡ್‌ಲೈನಿಗೆ ವರ್ಷಗಟ್ಟಲೆ ಕಾಯಬೇಕಿತ್ತು. 1994ರ ನೀತಿ ಬಾಗಿಲು ತೆರೆದು ಖಾಸಗಿಯವರು ಬಂದ ಮೇಲೆ, ಇವತ್ತು ತರಕಾರಿ ಗಾಡಿಯವರ ಕೈಯಲ್ಲೂ ಡೇಟಾ ಇದೆ. ಇಷ್ಟೂ ನಿಜ. ನನ್ನ ತಕರಾರಿರೋದು ಇದರಿಂದ ತೆಗೆಯುವ ತೀರ್ಮಾನದ ಬಗ್ಗೆ.

ನನ್ನ ಫೋನಿನಿಂದ ನಿಮ್ಮ ಫೋನಿಗೆ ಕರೆ ಬರಬೇಕಂದ್ರೆ ನಮ್ಮಿಬ್ಬರ ಕಂಪನಿಗಳ ಜಾಲಗಳು ಒಂದಕ್ಕೊಂದು ಜೋಡಿಯಾಗಿರಬೇಕು. ಕೋಟ್ಯಂತರ ಗಿರಾಕಿಗಳಿರುವ ಹಳೆಯ ಕಂಪನಿಗೆ ನಿನ್ನೆ ಬಂದ ಹೊಸಬನನ್ನು ಜೋಡಿಸಿಕೊಳ್ಳುವ ಆಸೆ ಯಾಕಿರುತ್ತೆ ಹೇಳಿ? 2016ರ ಸೆಪ್ಟೆಂಬರಿನಲ್ಲಿ ಜಿಯೋ ಶುರುವಾದಾಗ ಬೇರೆ ಜಾಲಗಳಿಗೆ ಹೋಗಬೇಕಿದ್ದ ಅದರ ಕರೆಗಳು ದೊಡ್ಡ ಪ್ರಮಾಣದಲ್ಲಿ ವಿಫಲವಾಗುತ್ತಿದ್ದವು. ಅಕ್ಟೋಬರಿನಲ್ಲಿ ಟ್ರಾಯ್, ಸಾಕಷ್ಟು ಸಂಪರ್ಕ ಕೊಟ್ಟಿಲ್ಲ ಅಂತ ಏರ್‌ಟೆಲ್, ವೊಡಾಫೋನ್, ಐಡಿಯಾ ಮೂರಕ್ಕೂ ಸೇರಿ 3,050 ಕೋಟಿ ರೂಪಾಯಿ ದಂಡಕ್ಕೆ ಶಿಫಾರಸು ಮಾಡಿತು. ಉಚಿತ ಕರೆಗಳ ಪ್ರವಾಹ ಹರಿಸಿದರೆ ನಾವೇನು ಮಾಡೋಣ ಅನ್ನೋದು ಆ ಕಂಪನಿಗಳ ವಾದ. ಯಾರ ವಾದ ಸರಿಯೋ ಬಿಡಿ. ಮಾರುಕಟ್ಟೆಯನ್ನೇ ಅಲ್ಲಾಡಿಸಿದ ಕಂಪನಿಗೂ ಒಳಗೆ ಬರೋಕೆ ನಿಯಂತ್ರಕನ ಕೈ ಬೇಕಾಯ್ತು ಅನ್ನೋದು ಮುಖ್ಯ.

ನಂಬರ್ ಪೋರ್ಟಬಿಲಿಟಿಯ ಕಥೆಯೂ ಇದೇ. ಮೊದಲು ಕಂಪನಿ ಬದಲಿಸಿದರೆ ನಂಬರ್ ಹೋಗ್ತಿತ್ತು. ಬ್ಯಾಂಕು, ಆಫೀಸು, ನೆಂಟರು ಎಲ್ಲರಿಗೂ ಹೊಸದಾಗಿ ಹೇಳಬೇಕು. ಆ ಕಿರಿಕಿರಿಗೆ ಹೆದರಿ ಜನ ಇದ್ದಲ್ಲೇ ಇರ್ತಿದ್ರು. ಗಿರಾಕಿ ಹೊರಗೆ ಹೋಗದಿದ್ದರೆ ಕಂಪನಿಗೆ ಲಾಭವೇ, ಹಾಗಾಗಿ ಯಾರೂ ತಾವಾಗಿ ಬಾಗಿಲು ತೆಗೆಯಲಿಲ್ಲ. 2011ರ ಜನವರಿಯಲ್ಲಿ ದೇಶವಿಡೀ ಅದನ್ನು ತೆಗೆಸಿದ್ದು ಒಂದು ನಿಯಮ.

ಹಾಗಂತ ನಿಯಮಗಳೆಲ್ಲ ದೇವರ ಪ್ರಸಾದ ಅಲ್ಲ. ಆ ಹಳೆಯ ಲ್ಯಾಂಡ್‌ಲೈನ್ ಏಕಸ್ವಾಮ್ಯವನ್ನು ಕಾಪಾಡಿದ್ದೂ ನಿಯಮವೇ. 2008ರಲ್ಲಿ ಸರ್ಕಾರ ಹಂಚಿದ ಲೈಸೆನ್ಸುಗಳ ರೀತಿ ಎಷ್ಟು ಕೆಟ್ಟದಾಗಿತ್ತೆಂದರೆ 2012ರಲ್ಲಿ ಸುಪ್ರೀಂ ಕೋರ್ಟ್ 122 ಲೈಸೆನ್ಸುಗಳನ್ನು ರದ್ದು ಮಾಡಬೇಕಾಯ್ತು. ಕೆಟ್ಟ ನಿಯಮವೂ ಪೈಪೋಟಿಯನ್ನು ಕೊಲ್ಲುತ್ತೆ.

ಈಗ ಫಲಿತಾಂಶ ನೋಡಿ. ಒಂದು ಕಾಲಕ್ಕೆ ಹತ್ತಕ್ಕೂ ಹೆಚ್ಚು ಕಂಪನಿಗಳಿದ್ದ ಕಡೆ ಇವತ್ತು ಉಳಿದಿರೋದು ಮೂರು ಖಾಸಗಿ ಕಂಪನಿ ಮತ್ತು ಬಿಎಸ್‌ಎನ್‌ಎಲ್. ಆ ಮೂರರಲ್ಲೊಂದಾದ ವೊಡಾಫೋನ್ ಐಡಿಯಾದಲ್ಲಿ, ಬಾಕಿಯನ್ನು ಷೇರಾಗಿ ಬದಲಿಸಿಕೊಂಡ ಸರ್ಕಾರವೇ ಅತಿ ದೊಡ್ಡ ಪಾಲುದಾರ! 2024ರ ಜುಲೈನಲ್ಲಿ ಮೂರೂ ಕಂಪನಿಗಳು ಎರಡೇ ದಿನಗಳ ಅಂತರದಲ್ಲಿ ದರ ಏರಿಸಿದವು. ಇದಕ್ಕೆ ಒಳಸಂಚು ಬೇಕಿಲ್ಲ. ಟವರು, ಸ್ಪೆಕ್ಟ್ರಮ್ ಎರಡೂ ವಿಪರೀತ ದುಬಾರಿಯಾದ ಕಡೆ ಕೊನೆಗೆ ಉಳಿಯೋದು ಕೆಲವರೇ. ಒಬ್ಬರು ಏರಿಸಿದರೆ ಉಳಿದವರು ಹಿಂದೆ ಹೋಗ್ತಾರೆ. ರೇಗಿದವರಲ್ಲಿ ಕೆಲವರು ಬಿಎಸ್‌ಎನ್‌ಎಲ್‌ಗೆ ಪೋರ್ಟ್ ಆದರು. ಮಾರುಕಟ್ಟೆಯ ಮೇಲೆ ಸಿಟ್ಟಾದವರಿಗೆ ಸಿಕ್ಕ ತುರ್ತು ನಿರ್ಗಮನ ದ್ವಾರ ಸರ್ಕಾರಿ ಕಂಪನಿ! ಮೂರರಲ್ಲೇ ಸುತ್ತಾಡಬೇಕಾದ ಉಳಿದವರಿಗೆ ಪೋರ್ಟ್ ಆಗುವ ಹಕ್ಕಿದೆ, ಹೋಗೋಕೆ ಊರಿಲ್ಲ.

ನಿಯಂತ್ರಣವೂ ಇಲ್ಲದ, ಏಕಸ್ವಾಮ್ಯವೂ ಇಲ್ಲದ ಮುಕ್ತ ಮಾರುಕಟ್ಟೆ ಇರೋಕೆ ಸಾಧ್ಯವಾ ಅಂತ ಕೇಳಿದರೆ, ಕನಿಷ್ಠ ಇಂಥ ಉದ್ಯಮಗಳಲ್ಲಿ ಇಲ್ಲ ಅನ್ನೋದೇ ನನ್ನ ಉತ್ತರ. ಮುಕ್ತ ಅನ್ನೋದು ಮಾರುಕಟ್ಟೆಯ ಹುಟ್ಟುಗುಣ ಅಲ್ಲ, ಹೊಲದ ಹಾಗೆ ಕಳೆ ಕಿತ್ತು ಉಳಿಸಿಕೊಳ್ಳಬೇಕಾದದ್ದು. ಹಾಗಾಗಿ "ನಿಯಮ ಬೇಕಾ ಬೇಡವಾ" ಅಂತ ಜಗಳ ಆಡೋದನ್ನ ಬಿಟ್ಟು, ಪ್ರತಿ ನಿಯಮಕ್ಕೂ ಎರಡು ಪ್ರಶ್ನೆ ಹಾಕೋಣ. ಹೊಸಬ ಒಳಗೆ ಬರೋಕೆ ಇದು ನೆರವಾಗುತ್ತಾ? ಗಿರಾಕಿ ಹೊರಗೆ ಹೋಗೋಕೆ ಇದು ಬಿಡುತ್ತಾ? ಎರಡಕ್ಕೂ "ಇಲ್ಲ" ಅಂತಾದ್ರೆ ಆ ನಿಯಮ ಕಾಯ್ತಿರೋದು ನಿಮ್ಮ ಜೇಬನ್ನಲ್ಲ, ಒಳಗೆ ಆಗಲೇ ಕೂತಿರುವವರ ಕುರ್ಚಿಯನ್ನ.