ಮುಹೂರ್ತ ಮೊದಲು, ಸಾಮಾನು ಆಮೇಲೆ

ಅಮೆರಿಕದ ಚಿಲ್ಲರೆ ಮಾರಾಟದ ಟಾರ್ಗೆಟ್ ಕಂಪನಿ ಕೆನಡಾದಲ್ಲಿ ನೆಲಕಚ್ಚಿದ್ದನ್ನು ಸಾಫ್ಟ್‌ವೇರ್ ಕೈಕೊಟ್ಟ ಕಥೆಯಾಗಿ ಹೇಳುವುದು ರೂಢಿ. ನನಗೆ ಆ ವಿವರಣೆ ಪೂರ್ತಿ ಒಪ್ಪಿಗೆಯಿಲ್ಲ. ಸಾಫ್ಟ್‌ವೇರ್ ಕೈಕೊಟ್ಟಿದ್ದು ನಿಜವೇ. ಆದರೆ ಅದರ ಮೇಲೆ ಹೇರಿದ ಗಡುವು ನೋಡಿದರೆ ಅದು ಕೈಕೊಡದಿದ್ದರೇ ಆಶ್ಚರ್ಯವಾಗಬೇಕಿತ್ತು.

2011ರ ಜನವರಿಯಲ್ಲಿ ಟಾರ್ಗೆಟ್, ಝೆಲ್ಲರ್ಸ್ ಎಂಬ ಹಳೆಯ ಸರಣಿಯ 220 ಮಳಿಗೆಗಳವರೆಗಿನ ಲೀಸ್ ಹಕ್ಕನ್ನು 182.5 ಕೋಟಿ ಕೆನಡಾ ಡಾಲರಿಗೆ ಕೊಂಡಿತು. ಅಷ್ಟು ದುಡ್ಡು ಸುರಿದು, ಬಾಡಿಗೆಯ ಹೊಣೆಯನ್ನೂ ಹೊತ್ತ ಮೇಲೆ ಜಾಗವನ್ನು ಖಾಲಿ ಬಿಡುವ ಹಾಗಿಲ್ಲ. 2013ರ ಮಾರ್ಚ್‌ನಲ್ಲಿ ಒಂಟಾರಿಯೊದ ಮೂರು ಊರುಗಳಲ್ಲಿ ಪ್ರಯೋಗದ ಮಳಿಗೆಗಳು ತೆರೆದವು. ವರ್ಷ ಮುಗಿಯುವಷ್ಟರಲ್ಲಿ ಸಂಖ್ಯೆ 124. ಕಲಿಯಲು ಪುರುಸೊತ್ತೇ ಇಲ್ಲದ ಇಂಥ ಪ್ರಯೋಗಕ್ಕೆ ಬೇರೆ ಹೆಸರು ಹುಡುಕಬೇಕು.

ಒಂದು ಅಂಗಡಿಗೆ ಸಾಮಾನು ತುಂಬಿಸಲು ಅನುಭವಿ ವ್ಯಾಪಾರಿಯ ನೆನಪು ಸಾಕು. ನೂರಿಪ್ಪತ್ತು ಅಂಗಡಿಗಳಿಗೆ ದಾಖಲೆ ಬೇಕು. ಬಾರ್‌ಕೋಡ್, ಉದ್ದ, ಅಗಲ, ತೂಕ, ಪೆಟ್ಟಿಗೆಗೆ ಎಷ್ಟು ನಗ, ಎಷ್ಟು ಬೆಲೆ ಎಂಬುದೆಲ್ಲ ಸರಿಯಿದ್ದರೆ ಮಾತ್ರ ಸರಬರಾಜುದಾರ, ಗೋದಾಮು, ಲಾರಿ, ಮಳಿಗೆ ನಾಲ್ಕೂ ಒಂದೇ ಲೆಕ್ಕದಲ್ಲಿ ನಡೆಯುತ್ತವೆ. ಟಾರ್ಗೆಟ್ ಅಮೆರಿಕದಲ್ಲಿ ಬಳಸುತ್ತಿದ್ದ ವ್ಯವಸ್ಥೆ ತಾನೇ ಕಟ್ಟಿಕೊಂಡದ್ದು. ಕೆನಡಾದ ಡಾಲರು, ಫ್ರೆಂಚ್ ಭಾಷೆ ಎರಡನ್ನೂ ಅದಕ್ಕೆ ಕಲಿಸುವಷ್ಟು ಸಮಯವಿಲ್ಲವೆಂದು ಎಸ್‌ಎಪಿ ಎಂಬ ಸಿದ್ಧ ಸಾಫ್ಟ್‌ವೇರ್ ತಂದರು. ಸುಮಾರು 75,000 ಸಾಮಾನುಗಳ ವಿವರವನ್ನು, ಹೆಚ್ಚಾಗಿ ಕೆಲಸಕ್ಕೆ ಹೊಸಬರಾದವರು, ಗಡುವಿನ ಭಯದಲ್ಲಿ ತುಂಬಿದರು. ಸೆಂಟಿಮೀಟರ್ ಇರಬೇಕಾದಲ್ಲಿ ಇಂಚು, ಉದ್ದದ ಜಾಗದಲ್ಲಿ ಅಗಲ. ಕೆನೆಡಿಯನ್ ಬಿಸಿನೆಸ್ ಪತ್ರಿಕೆಯಲ್ಲಿ 2016ರಲ್ಲಿ ಜೋ ಕಸ್ಟಾಲ್ಡೊ ಬರೆದ ವರದಿಯ ಪ್ರಕಾರ, ಅಮೆರಿಕದಲ್ಲಿ ಶೇ. 98-99ರಷ್ಟು ಸರಿಯಿದ್ದ ಈ ಮಾಹಿತಿ ಕೆನಡಾದಲ್ಲಿ ಸರಿಯಿದ್ದದ್ದು ಶೇ. 30ರಷ್ಟು ಮಾತ್ರ. ಸಿಬ್ಬಂದಿ ಸಾಲು ಸಾಲಾಗಿ ಪರಿಶೀಲಿಸಿದ ತಿದ್ದುಪಡಿಗಳನ್ನು ಎಸ್‌ಎಪಿಗೆ ಏರಿಸುವ ಕೆಲಸ ಬೆಂಗಳೂರಿನ ಟಾರ್ಗೆಟ್ ಕಚೇರಿಯ ಪಾಲಿಗೆ ಬಂತು. ನಮ್ಮ ಐಟಿ ವೈಭವದ ಬರಹಗಳಲ್ಲಿ ಈ ಅಧ್ಯಾಯ ನನಗಂತೂ ಕಂಡಿಲ್ಲ.

ಫಲ ವಿಚಿತ್ರವಾಗಿತ್ತು. ಗೋದಾಮುಗಳು ತುಂಬಿ ತುಳುಕುತ್ತಿದ್ದವು, ಮಳಿಗೆಯ ಶೆಲ್ಫುಗಳು ಖಾಲಿ. ಪೆಟ್ಟಿಗೆಯೊಳಗಿನ ಲೆಕ್ಕ ಕಂಪ್ಯೂಟರಿನ ಲೆಕ್ಕಕ್ಕೆ ತಾಳೆಯಾಗದಿದ್ದರೆ ಆ ಮಾಲು ಮುಂದೆ ಸಾಗದೆ ಬದಿಗೆ ಬೀಳುತ್ತಿತ್ತು. ಎಷ್ಟು ಮಾರಾಟವಾದೀತು ಎಂಬ ಅಂದಾಜಾದರೂ ಸರಿಯಿತ್ತೇ? ಹಿಂದಿನ ವರ್ಷಗಳ ಮಾರಾಟ ನೋಡಿ ಹೇಳಬೇಕಾದ ಯಂತ್ರಕ್ಕೆ ಕೆನಡಾದಲ್ಲಿ ಹಿಂದಿನ ವರ್ಷಗಳೇ ಇರಲಿಲ್ಲ.

ಆ ವರದಿಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಒಂದು ಸ್ವಿಚ್ಚು. ಮಾಲು ಮುಗಿಯುತ್ತಾ ಬಂದಂತೆ ತಾನಾಗಿ ಮರುಪೂರಣ ಮಾಡುವ ವ್ಯವಸ್ಥೆಯನ್ನು ಬೇಕಾದ ಸಾಮಾನಿಗೆ ಬಂದ್ ಮಾಡಬಹುದಿತ್ತು. ಹಾಗೆ ಬಂದ್ ಮಾಡಿದರೆ ಆ ಸಾಮಾನು ಶೆಲ್ಫಿನಲ್ಲಿ ಇಲ್ಲದಿದ್ದರೂ ಕೊರತೆಯ ಪಟ್ಟಿಗೆ ಸೇರುತ್ತಿರಲಿಲ್ಲ. ಲಭ್ಯತೆಯ ಶೇಕಡಾವಾರು ನೋಡಿ ತಮ್ಮನ್ನು ಅಳೆಯುತ್ತಾರೆಂದು ಗೊತ್ತಿದ್ದ ಕೆಲವು ವಿಶ್ಲೇಷಕರು ಅದನ್ನೇ ಮಾಡಿದರು. ಮೇಲಿನವರ ಪರದೆಯಲ್ಲಿ ಅಂಕಿಗಳು ಚೆನ್ನಾಗಿ ಕಂಡವು. ಈ ಹುಡುಗರನ್ನು ಬೈಯುವುದು ಸುಲಭ. ಆದರೆ ಮಾಲಿಲ್ಲದ್ದಕ್ಕೆ ಲೆಕ್ಕ ಕೇಳಿದವರು ಅವರ ಮೇಲಿದ್ದವರು.

ಉದ್ಘಾಟನೆಯನ್ನು ಮುಂದೂಡುವ ಮಾತು ಹಿರಿಯರ ಮಟ್ಟದಲ್ಲಿ ಬಂದಿತ್ತಂತೆ, ಪಟ್ಟು ಹಿಡಿಯುವ ಧೈರ್ಯ ಯಾರಿಗೂ ಬರಲಿಲ್ಲ. ಅಡುಗೆಯವರನ್ನು ಕೇಳದೆ ಮುಹೂರ್ತ ಇಟ್ಟ ಮನೆಯ ಹಾಗಾಯಿತು. ಜಾಗ ಕೊಂಡವರು ದಿನಾಂಕ ಗೊತ್ತುಮಾಡಿದರು, ಮಾಲು ಹೊಂದಿಸುವವರು ಅದಕ್ಕೆ ಕತ್ತು ಕೊಟ್ಟರು. ಹತ್ತಿಪ್ಪತ್ತು ಮಳಿಗೆ ತೆರೆದು, ದಾಖಲೆ ನೆಟ್ಟಗಾದ ಮೇಲೆ ಉಳಿದದ್ದಕ್ಕೆ ಕೈಹಾಕಿದ್ದರೆ ಖಾಲಿ ಕಟ್ಟಡಗಳ ಬಾಡಿಗೆ ದಂಡವಾಗುತ್ತಿತ್ತು, ಹೌದು. ಗ್ರಾಹಕರನ್ನು ಕಳೆದುಕೊಂಡದ್ದಕ್ಕೆ ತೆತ್ತ ದಂಡ ಅದಕ್ಕಿಂತ ದೊಡ್ಡದು. 2015ರ ಜನವರಿ 15ರಂದು ಟಾರ್ಗೆಟ್ ಕೆನಡಾದಿಂದ ಹೊರನಡೆಯುವುದಾಗಿ ಘೋಷಿಸಿತು. ಆಗ ಮುಚ್ಚಬೇಕಾಗಿದ್ದ ಮಳಿಗೆಗಳು 133, ಕೆಲಸ ಕಳೆದುಕೊಳ್ಳಲಿದ್ದವರು ಸುಮಾರು 17,600 ಮಂದಿ.