600 ವಿಎ ಎಂಬ ಅರ್ಧಸತ್ಯ

ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲಿ ಯುಪಿಎಸ್ ಕೇಳಿದವರಿಗೆ ಸಾಮಾನ್ಯವಾಗಿ ಎದುರಾಗುವ ಮೊದಲ ಪ್ರಶ್ನೆ: "ಆರ್ನೂರರದ್ದಾ, ಸಾವಿರದ್ದಾ?" ಕರೆಂಟು ಹೋದ ಮೇಲೆ ಎಷ್ಟು ಹೊತ್ತು ನಡೆಯಬೇಕು ಎಂದು ಕೇಳುವವರು ಅಪರೂಪ. ಮನೆ ಯುಪಿಎಸ್ ವ್ಯಾಪಾರದ ದೊಡ್ಡ ಐಬು ಇದೇ.

600 ವಿಎ ಅನ್ನುವುದು ಹೊರೆಯ ಮಿತಿ. ಹೊತ್ತಿಗೂ ಅದಕ್ಕೂ ನೇರ ಸಂಬಂಧವಿಲ್ಲ. ಹೊರೆಯ ಲೆಕ್ಕವಾದರೂ ನೆಟ್ಟಗಿದೆಯೇ ಎಂದರೆ, ಈ ವರ್ಗದ ಬಹುಪಾಲು ಯುಪಿಎಸ್‌ಗಳು ತಾಳುವುದು 360 ವ್ಯಾಟ್ ಮಾತ್ರ. ಡಬ್ಬದ ಮೇಲೆ ದಪ್ಪಗೆ ಕಾಣುವುದು ಮೊದಲನೆಯ ಸಂಖ್ಯೆ.

ಹೊತ್ತನ್ನು ತೀರ್ಮಾನಿಸುವುದು ಒಳಗಿನ ಬ್ಯಾಟರಿ. ಸಾಮಾನ್ಯವಾಗಿ 12 ವೋಲ್ಟ್, 7 ಆಂಪಿಯರ್-ಅವರ್, ಎರಡು ಕೆಜಿಗೂ ಮಿಕ್ಕಿ ತೂಗುವ ಸೀಸದ ಇಟ್ಟಿಗೆ. ಗುಣಿಸಿದರೆ 84 ವ್ಯಾಟ್-ಅವರ್. 170 ವ್ಯಾಟಿನ ಕಂಪ್ಯೂಟರು ಅರ್ಧ ಗಂಟೆ ಓಡಬೇಕಲ್ಲ? ಓಡುವುದಿಲ್ಲ. 20 ಗಂಟೆ ಕಾಲ 0.35 ಆಂಪಿಯರ್‌ನಂತೆ ಮೆಲ್ಲಗೆ ಎಳೆದಾಗ ಸಿಗುವ ಲೆಕ್ಕ ಆ 7. ಕಂಪ್ಯೂಟರು ಒಂದೇ ಸಲಕ್ಕೆ 15 ಆಂಪಿಯರ್ ದಾಟುತ್ತದೆ. ಆಗ ಬ್ಯಾಟರಿ ಅರ್ಧದ ಆಸುಪಾಸು ಕೊಟ್ಟು ಕೈಚೆಲ್ಲುತ್ತದೆ. ಹೊಸದರಲ್ಲೇ ಸಿಗುವುದು ಹತ್ತು ಹದಿನೈದು ನಿಮಿಷ. ಫೈಲು ಸೇವ್ ಮಾಡಿ ಶಟ್‌ಡೌನ್ ಮಾಡಲು ಅದು ಧಾರಾಳ, ಅಷ್ಟರ ಮಟ್ಟಿಗೆ ಇದು ಒಳ್ಳೆಯ ಯಂತ್ರವೇ. ಆದರೆ ಆನ್‌ಲೈನ್ ಮೀಟಿಂಗ್ ಮುಗಿಯುವವರೆಗೆ ಎಳೆಯುತ್ತದೆಂದು ನಂಬಿ ಕೊಂಡವರೇ ಹೆಚ್ಚು.

ಎರಡು ಮೂರು ವರ್ಷಕ್ಕೆ ಈ ಬ್ಯಾಟರಿ ಸುಸ್ತಾಗುತ್ತದೆ. ಸೆಕೆ ಅದರ ಶತ್ರು: 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿಗೆ ಆಯುಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ. ರಾಯಚೂರಿನ ಬೇಸಿಗೆಯಲ್ಲಿ, ಗಾಳಿಯಾಡದ ಮೇಜಿನಡಿ, ಸಿಪಿಯುಗೆ ಅಂಟಿಸಿ ಇಟ್ಟ ಯುಪಿಎಸ್ ಬೇಗ ಸತ್ತರೆ ತಪ್ಪು ಅದರದ್ದಲ್ಲ.

ಆಗ ಸಿಗುವ ಸಲಹೆ, "ಹಳೇದು ಬಿಡಿ ಸಾರ್, ಹೊಸದೇ ತಗೊಳ್ಳಿ." ಇದನ್ನು ಒಪ್ಪಬೇಕಿಲ್ಲ. ಬ್ಯಾಟರಿಯೊಂದರ ಬೆಲೆ ಹೊಸ ಯುಪಿಎಸ್‌ನ ಅರ್ಧವೂ ಆಗುವುದಿಲ್ಲ, ಒಳಗಿನ ಸರ್ಕ್ಯೂಟು ಎಷ್ಟೋ ಸಲ ಎರಡು ಮೂರು ಬ್ಯಾಟರಿಗಳ ಕಾಲ ಬಾಳುತ್ತದೆ. ಯುಪಿಎಸ್ ಆಫ್ ಮಾಡಿ, ಪ್ಲಗ್ಗು ಕಿತ್ತು, ನಾಲ್ಕಾರು ಸ್ಕ್ರೂ ಬಿಚ್ಚಿದರೆ ಕೆಂಪು, ಕಪ್ಪು ಎರಡೇ ವೈರು. ಅವು ಅದಲುಬದಲಾಗಬಾರದು. ಕೊಳ್ಳುವಾಗ ನೋಡಬೇಕಾದ್ದು ಎರಡು: ತಗಡಿನ ಟರ್ಮಿನಲ್ಲಿನ ಅಗಲ (4.8 ಮಿಲಿಮೀಟರೋ 6.3ಓ) ಮತ್ತು ತಯಾರಾದ ತಿಂಗಳು. ವರ್ಷಗಟ್ಟಲೆ ಅಂಗಡಿಯಲ್ಲಿ ಚಾರ್ಜಿಲ್ಲದೆ ಕೂತ ಬ್ಯಾಟರಿ ಸೀಲು ಒಡೆಯದಿದ್ದರೂ ಹಳತೇ.

ಪರೀಕ್ಷೆಯ ವಿಚಾರದಲ್ಲಿ ಮೆಕ್ಯಾನಿಕ್‌ಗಳ ಮಲ್ಟಿಮೀಟರ್ ಭಕ್ತಿಯೂ ಸ್ವಲ್ಪ ಅತಿಯೇ. ಸತ್ತ ಬ್ಯಾಟರಿಯೂ ಹೊರೆಯಿಲ್ಲದಾಗ 12.7 ವೋಲ್ಟ್ ತೋರಿಸಬಲ್ಲದು. ಹಳೆಯ 100 ವ್ಯಾಟಿನ ಬಲ್ಬನ್ನು ಯುಪಿಎಸ್‌ಗೆ ಸಿಕ್ಕಿಸಿ, ಗೋಡೆಯ ಸ್ವಿಚ್ ಆರಿಸಿದರೆ ನಿಜ ಗೊತ್ತಾಗುತ್ತದೆ. ಪ್ಲಗ್ಗು ಕೀಳದೆ ಸ್ವಿಚ್ ಮಾತ್ರ ಆರಿಸಿದರೆ ಅರ್ಥಿಂಗ್ ತಪ್ಪುವುದಿಲ್ಲ. ಬಲ್ಬು ಒಂದೆರಡು ನಿಮಿಷಕ್ಕೇ ಆರಿದರೆ ಬ್ಯಾಟರಿ ಗುಜರಿಗೆ. ಗುಜರಿಗೆ ಅಂದರೆ ಸೀಸ ಕರಗಿಸುವ ಬೀದಿಬದಿಯ ಒಲೆಗಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಅದನ್ನು ವಾಪಸ್ ಪಡೆಯುವ ಹೊಣೆಯನ್ನು ತಯಾರಕರಿಗೆ ಹಾಕಿವೆ, ಹಳೆಯದಕ್ಕೆ ಚೂರುಪಾರು ಕಾಸು ಕಡಿತ ಕೊಡುವ ಡೀಲರುಗಳೂ ಇದ್ದಾರೆ.

ಡಬ್ಬವನ್ನೇ ಬದಲಿಸಬೇಕಾದ ಸಂದರ್ಭವೂ ಇದೆ. ಅಗ್ಗದ ಯುಪಿಎಸ್ ಬ್ಯಾಟರಿಯಲ್ಲಿದ್ದಾಗ ಹೊರಡಿಸುವುದು ಮೆಟ್ಟಿಲು ಮೆಟ್ಟಿಲಾದ ಅಲೆ. ಆ್ಯಕ್ಟಿವ್ ಪಿಎಫ್‌ಸಿ ಇರುವ ಹೊಸ ಪವರ್ ಸಪ್ಲೈಗಳಲ್ಲಿ ಕೆಲವಕ್ಕೆ ಅದು ಒಗ್ಗದೆ, ಬ್ಯಾಟರಿ ಹೊಸದಾಗಿದ್ದರೂ ಕಂಪ್ಯೂಟರು ರೀಸ್ಟಾರ್ಟ್ ಆಗುತ್ತದೆ. ಅಂಥವರಿಗೆ ದುಬಾರಿಯಾದರೂ ಪ್ಯೂರ್ ಸೈನ್ ವೇವ್ ಬೇಕು. ಲ್ಯಾಪ್‌ಟಾಪ್ ಇಟ್ಟುಕೊಂಡವರಿಗೆ ಇಷ್ಟೆಲ್ಲ ಬೇಡ. ರೌಟರ್‌ಗೊಂದು 12 ವೋಲ್ಟಿನ ಮಿನಿ ಯುಪಿಎಸ್ ಸಾಕು.